ಕ್ರಿಸ್‌ಮಸ್ ಹೇಳುವ ಸಮಾಧಾನ ಯಾವುದು?

ಉಡಿಗಾಲ: ಡಿಸೆಂಬರ್ ಬಂತೆಂದರೆ ಚಾಮರಾಜನಗರ, ಗುಂಡ್ಲುಪೇಟೆಯ ಫ್ಯಾನ್ಸಿ ಅಂಗಡಿಗಳಲ್ಲಿ ಕಾಗದದ ನಕ್ಷತ್ರಗಳು ತೂಗಾಡುತ್ತವೆ. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಕೇಕು ಬಂದು ಕೂರುತ್ತದೆ. ಮೈಸೂರಿಗೆ ಹೋದವರು ಸಂತ ಫಿಲೋಮಿನಾ ಚರ್ಚಿನ ದೀಪ ನೋಡಿಕೊಂಡು ಬರುತ್ತಾರೆ. ‘ಅದು ಅವರ ಹಬ್ಬ ಕಣಪ್ಪ, ನಮಗೇನು? ಒಂದು ದಿನ ರಜ ಸಿಕ್ತು’ ಅಂತ ಬಸ್ಸಿನಲ್ಲಿ ಮಾತು. ರಜ ಸಿಕ್ಕಿದ್ದು ಸರಿಯೇ. ಆದರೆ ಆ ಹಬ್ಬದ ಹಿಂದಿನ ಕಥೆ ಮಾತ್ರ ಉಡಿಗಾಲದಂಥ ಊರಿನವರಿಗೆ ಬಲು ಹತ್ತಿರದ್ದು.

ಕಥೆ ಇರುವುದು ಲೂಕನ ಸುವಾರ್ತೆಯಲ್ಲಿ. ರೋಮಿನ ಚಕ್ರವರ್ತಿ ಅಗಸ್ಟಸ್ ಜನಗಣತಿಗೆ ಹುಕುಂ ಮಾಡಿದ. ನಜರೇತಿನ ಯೋಸೇಫ ಗರ್ಭಿಣಿ ಮರಿಯಳನ್ನು ಕರೆದುಕೊಂಡು ಬೇತ್ಲೆಹೇಮಿಗೆ ಹೊರಟ. ಅಲ್ಲಿ ಛತ್ರದಲ್ಲಿ ಜಾಗವಿಲ್ಲ! ಹುಟ್ಟಿದ ಮಗುವನ್ನು ಮಲಗಿಸಿದ್ದು ದನದ ಗೋದಲಿಯಲ್ಲಿ. ಸುದ್ದಿ ಮೊದಲು ಮುಟ್ಟಿದ್ದು ಅರಮನೆಗಲ್ಲ. ರಾತ್ರಿ ಬಯಲಲ್ಲಿ ಕುರಿ ಕಾಯುತ್ತಿದ್ದವರಿಗೆ. ಹಂದಿ, ಆನೆ ನುಗ್ಗೀತೆಂದು ಹೊಲದಲ್ಲಿ ನಿದ್ದೆಗೆಡುವ ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕೆ?

ದೇವದೂತರು ಆ ಕಾವಲುಗಾರರಿಗೆ ತಂದದ್ದು ಸಂತೋಷ ಮತ್ತು ಸಮಾಧಾನದ ಸುದ್ದಿ. ‘ಸಮಾಧಾನ’ ಎಂಬುದು ಹಳೆಯ ಕನ್ನಡ ಬೈಬಲ್ಲಿನದೇ ಪದ. ನಾವು ಆ ಪದವನ್ನು ಹೇಗೆ ಬಳಸುತ್ತೇವೆ, ನೋಡಿ. ‘ಸಾವಿನ ಮನೆಗೆ ಹೋಗಿ ಸಮಾಧಾನ ಹೇಳಿ ಬಂದೆ’ ಅನ್ನುತ್ತೇವೆ. ‘ಅಣ್ಣತಮ್ಮಂದಿರನ್ನ ಕೂರಿಸಿ ಸಮಾಧಾನ ಮಾಡಿದೆವು’ ಅನ್ನುತ್ತೇವೆ. ಅಂದಮೇಲೆ ಸಮಾಧಾನ ತಾನಾಗಿ ಬರುವುದಲ್ಲ. ಯಾರಾದರೂ ಎದ್ದು ಹೋಗಿ ಮಾಡಬೇಕಾದ್ದು. ಕ್ರೈಸ್ತರ ನಂಬಿಕೆಯ ತಿರುಳೂ ಇದೇ. ದೇವರು ಮೇಲೆ ಕೂತು ಸಮಾಧಾನದ ಮಾತು ಹೇಳಿ ಕಳಿಸಲಿಲ್ಲ, ತಾನೇ ಮನುಷ್ಯನಾಗಿ ಇಳಿದು ಬಂದ ಎನ್ನುತ್ತಾರೆ ಅವರು.

ಮಾತೇನೋ ಚೆಂದ. ಕಷ್ಟಕಾಲದಲ್ಲಿ ನಿಲ್ಲುತ್ತದೆಯೇ? ಇದಕ್ಕೆ ನಮ್ಮ ಜಿಲ್ಲೆಯೇ ಒಂದು ಪರೀಕ್ಷೆ ಕಂಡಿದೆ. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆ ಇತ್ತು. ಅಂದು ಹಂಚಿದ ಪ್ರಸಾದದಲ್ಲಿ ವಿಷ! 17 ಮಂದಿ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಕ್ರಿಸ್‌ಮಸ್‌ಗೆ ಉಳಿದಿದ್ದು 11 ದಿನ. ಆ ಸೀಮೆಯ ಮಾರ್ಟಳ್ಳಿ, ಕ್ರೈಸ್ತ ಕುಟುಂಬಗಳು ಬಹಳ ಇರುವ ಊರು. ವಿಷ ಉಂಡವರನ್ನು ಕಾಮಗೆರೆ, ಕೊಳ್ಳೇಗಾಲ, ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಿದರು. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ ಕ್ರೈಸ್ತ ಸನ್ಯಾಸಿನಿಯರದು. ವಿಷಕ್ಕೆ ಜಾತಿ ಗೊತ್ತಿಲ್ಲ ಸ್ವಾಮಿ. ಗ್ಲೂಕೋಸ್ ಬಾಟಲಿಗೂ ಗೊತ್ತಿಲ್ಲ.

ಇಂಥ ದುಃಖದ ನಡುವೆ ಎಂಥ ಹಬ್ಬ ಅಂತೀರಾ? ಮತ್ತಾಯನ ಸುವಾರ್ತೆ ತಿರುವಿ ಹಾಕಿ. ಯೇಸು ಹುಟ್ಟಿದ ಮೇಲೆ ಹೆರೋದ ರಾಜ ಬೇತ್ಲೆಹೇಮಿನ ಎಳೆಗೂಸುಗಳನ್ನು ಕೊಲ್ಲಿಸಿದ. ಯೋಸೇಫ ತಾಯಿಮಗುವನ್ನು ಕಟ್ಟಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಓಡಿದ. ಅಳುವ ತಾಯಂದಿರನ್ನು ಈ ಹಬ್ಬದ ಕಥೆ ಬಚ್ಚಿಡುವುದಿಲ್ಲ. ಆದ್ದರಿಂದಲೇ ಸಾವಿನ ಮನೆಯ ಬೀದಿಗೂ ಅದು ಕಾಲಿಡಬಹುದು. ಆಗ ಕೈಯಲ್ಲಿ ಪಟಾಕಿ ಇರಬಾರದು, ಅನ್ನದ ಪಾತ್ರೆ ಇರಬೇಕು.

ಅವರು ನಮಗೆ, ನಾವು ಅವರಿಗೆ ಆಗಿಬರುವುದು ಈ ನಾಡಿಗೆ ಹೊಸದೂ ಅಲ್ಲ. ಮೈಸೂರಿನ ಈಗಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಚಾಮುಂಡಿಯ ಭಕ್ತರಾದ ದೊರೆಗೆ ಅದರಿಂದ ಕಳೆದುಹೋದದ್ದೇನೂ ಇರಲಿಲ್ಲ.

ಆದ್ದರಿಂದ ಗಲ್ಲದ ಮೇಲೆ ಕೂತ ಯಜಮಾನರೇ, ಬಸ್ಸಿಗೆ ಕಾದು ನಿಂತ ಅಣ್ಣಂದಿರೇ, ಅಕ್ಕಂದಿರೇ, ಈ 25ರಂದು ಚರ್ಚಿಗೆ ಹೋಗದಿದ್ದರೂ ಚಿಂತೆಯಿಲ್ಲ. ಬದು ಒತ್ತಿದ್ದಕ್ಕೋ, ಕೈಸಾಲ ತೀರಿಸದ್ದಕ್ಕೋ ಮಾತು ಬಿಟ್ಟ ಮನೆ ಒಂದಾದರೂ ನಿಮ್ಮ ಬೀದಿಯಲ್ಲಿ ಇದ್ದೇ ಇರುತ್ತದೆ. ಅಲ್ಲಿಗೆ ಹೋಗಿ ಬಾಗಿಲು ತಟ್ಟಿ. ನಕ್ಷತ್ರ ಕೊಳ್ಳಲು ಕಾಸು ಬೇಕು, ಇದಕ್ಕೆ ಬೇಡ. ಹೊಸಿಲು ದಾಟಬೇಕು, ಅಷ್ಟೆ.