ತಳ್ಳುವ ಮೊದಲು ಕೇಳಿ
ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಕೊಲ್ಹಾಪುರದಾಚೆಯ ಪೇಠ ನಾಕಾ ಗೊತ್ತಿರುತ್ತದೆ. ಮುರಳೀಕಾಂತ ಪೇಟಕರ್ ಆ ಕಡೆಯವರು. ಸೇನೆಯ ಯಂತ್ರೋಪಕರಣ ದುರಸ್ತಿ ದಳವಾದ ಇಎಂಇಯಲ್ಲಿ ಬಾಕ್ಸರ್ ಆಗಿದ್ದ ಅವರಿಗೆ 1965ರ ಯುದ್ಧದಲ್ಲಿ ಗುಂಡುಗಳು ತಗುಲಿ ಕಾಲುಗಳ ಸ್ವಾಧೀನ ತಪ್ಪಿತು. ಚಿಕಿತ್ಸೆಗೆಂದು ನೀರಿಗಿಳಿದವರು 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರನ್ನು 37.33 ಸೆಕೆಂಡಿನಲ್ಲಿ ಈಜಿ ಚಿನ್ನ ಗೆದ್ದರು. ಆ ಪ್ರಯಾಣಕ್ಕೆ ನೆರವಾದದ್ದು ಕ್ರಿಕೆಟಿಗ ವಿಜಯ್ ಮರ್ಚೆಂಟ್ ನಡೆಸುತ್ತಿದ್ದ ಸೇವಾಸಂಸ್ಥೆ. ಪೇಟಕರ್ ಪುಣೆಯಲ್ಲೇ ನೆಲೆಸಿದರು. ಪದ್ಮಶ್ರೀ ಬಂದದ್ದು 2018ರಲ್ಲಿ. ಇಷ್ಟು ತಡವೇಕೆಂದು ಸರ್ಕಾರವನ್ನೇ ಕೇಳಬೇಕು.

ಮದ್ದುಗುಂಡಿನ ಕಾರ್ಖಾನೆಗೆ ಹೆಸರಾದ ಪುಣೆಯ ಖಡಕಿಯಲ್ಲಿ, ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ 1974ರಲ್ಲಿ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರ ಆರಂಭವಾಯಿತು. ಅಲ್ಲಿ ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುವವರಿದ್ದಾರೆ, ಗಾಲಿಕುರ್ಚಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವವರಿದ್ದಾರೆ. ಖಡಕಿಯಲ್ಲೇ ಸೇನೆಯ ಪ್ಯಾರಾ ಕ್ರೀಡಾ ತರಬೇತಿ ಕೇಂದ್ರವೂ ಇದೆ. ನೆಲಬಾಂಬ್ ಸ್ಫೋಟದಲ್ಲಿ ಕಾಲು ಕಳೆದುಕೊಂಡ ಹೊಕಾಟೊ ಸೇಮಾ ಅಲ್ಲಿ ಪಳಗಿ, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಗುಂಡೆಸೆದು ಕಂಚು ತಂದರು.

ಇಂಥ ಕಡೆ ಸಹಾಯ ಮಾಡಲು ಬರುವವರಿಗೆ ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ಒಳ್ಳೆಯ ಪಾಠಶಾಲೆ. ಬುಟ್ಟಿಯ ಎತ್ತರದಲ್ಲಿ ರಿಯಾಯಿತಿಯಿಲ್ಲ, ಅದೇ ಹತ್ತು ಅಡಿ. ಚೆಂಡು ಕೈಯಲ್ಲಿರುವಾಗ ಗಾಲಿಯನ್ನು ಎರಡು ಸಲ ನೂಕಬಹುದು, ಆಮೇಲೂ ನೂಕಬೇಕೆಂದರೆ ಚೆಂಡು ಪುಟಿಸಲೇಬೇಕು. ಆಟಗಾರರಿಗೆ ದೇಹದ ಚಲನಶಕ್ತಿಗೆ ತಕ್ಕಂತೆ 1ರಿಂದ 4.5ರವರೆಗೆ ಅಂಕ, ಅಂಗಳದಲ್ಲಿರುವ ಐವರ ಮೊತ್ತ 14 ಮೀರಬಾರದು. ಹೀಗಾಗಿ ಹೆಚ್ಚು ಸ್ವಾಧೀನ ಕಳೆದುಕೊಂಡವರನ್ನು ಬೆಂಚಿನಲ್ಲೇ ಕೂರಿಸಿದರೆ ತಂಡ ಕಟ್ಟುವುದೇ ಕಷ್ಟ.

ಎಷ್ಟು ಸಹಾಯ, ಎಲ್ಲಿಯವರೆಗೆ ಎಂಬುದನ್ನೂ ಅಂಗವಿಕಲರ ಬೇರೆ ಆಟಗಳು ಗೆರೆ ಎಳೆದು ಹೇಳುತ್ತವೆ. ಅಂಧ ಓಟಗಾರರ ಜೊತೆ ಹಗ್ಗದ ತುಂಡು ಹಿಡಿದು ಓಡುವ ಮಾರ್ಗದರ್ಶಿ ಅವರನ್ನು ಎಳೆಯುವಂತಿಲ್ಲ, ಅವರಿಗಿಂತ ಮುಂಚೆ ಗೆರೆ ದಾಟುವಂತಿಲ್ಲ. ಬೋಚಿಯಾ ಎಂಬ ಚೆಂಡಾಟದಲ್ಲಿ ತೀವ್ರ ಅಂಗವೈಕಲ್ಯವಿರುವವರ ಸಹಾಯಕ ಅಂಗಳಕ್ಕೆ ಬೆನ್ನು ಹಾಕಿಯೇ ಕೂರಬೇಕು. ಆಟಗಾರ ಹೇಳಿದಂತೆ, ಚೆಂಡು ಉರುಳಿಬಿಡುವ ಇಳಿಜಾರು ಹಲಗೆಯನ್ನು ಸರಿಸುವುದಷ್ಟೇ ಅವನ ಕೆಲಸ. ಚೆಂಡು ಎತ್ತ ಹೋಯಿತೆಂದು ತಿರುಗಿ ನೋಡಿದರೂ ತಪ್ಪು. ಸಹಾಯಕನ ಬುದ್ಧಿವಂತಿಕೆಗೆ ಇಷ್ಟು ಕಟ್ಟುನಿಟ್ಟಾಗಿ ಬೇಲಿ ಹಾಕಿದ ಆಟ ಬೇರೆ ಇರಲಾರದು.

ಡಿಸೆಂಬರ್ 3ರ ಅಂಗವಿಕಲರ ದಿನಕ್ಕೆ ಬ್ಯಾನರ್ ಹಿಡಿದು ಬಂದು, ಫೋಟೊ ತೆಗೆಸಿಕೊಂಡು ಹೋಗುವವರಿಗೆ ಯಾವ ಊರಲ್ಲೂ ಕೊರತೆಯಿಲ್ಲ. ಅಭ್ಯಾಸ ನಡೆಯುವುದು ಉಳಿದ ದಿನಗಳಲ್ಲಿ. ಆಗ ಬೇಕಾಗುವವರು ಪಂಕ್ಚರ್ ಆದ ಟ್ಯೂಬ್ ಬದಲಿಸುವವರು, ಹೊರಗೆ ಹೋದ ಚೆಂಡು ಹೆಕ್ಕುವವರು, ಶೌಚಾಲಯದ ಬಾಗಿಲಲ್ಲಿ ಕುರ್ಚಿ ಹಿಡಿಸುತ್ತದೆಯೇ ಎಂದು ಮುಂಚಿತವಾಗಿ ಟೇಪು ಹಿಡಿದು ಅಳೆಯುವವರು. ಕುರ್ಚಿಯನ್ನು ಕೇಳದೆ ತಳ್ಳಬಾರದು. ಆದರೆ ಆಟದ ಕುರ್ಚಿಗೆ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ. ದಿನಬಳಕೆಯ ಕುರ್ಚಿಯಿಂದ ಅದಕ್ಕೆ ದಾಟುವಾಗ "ಹಿಡ್ಕೊಳ್ಳಿ" ಎಂದು ಆಟಗಾರ ಹೇಳಿದರೆ, ಹಿಂದೆ ನಿಂತು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಬೇಕು. ಪಟ್ಟಿ ಬಿಗಿದು "ಬಿಡಿ" ಎನ್ನುವವರೆಗೂ.