ನಂದಿಯಲ್ಲಿ ಕಾಲು ಪಳಗಿಸಿ ಅನ್ನಪೂರ್ಣೆಗೆ

ನೇಪಾಳದ ಅನ್ನಪೂರ್ಣ ಸಂರಕ್ಷಿತ ಪ್ರದೇಶದೊಳಗೆ ನಡೆಯಬೇಕೆಂದರೆ ಪರವಾನಗಿ ಚೀಟಿ ಬೇಕು. ಬೇರೆ ಬೇರೆ ದೇಶಗಳವರಿಗೆ ಅದರ ಶುಲ್ಕ 3000 ನೇಪಾಳಿ ರೂಪಾಯಿ, ಸಾರ್ಕ್ ದೇಶಗಳವರಿಗೆ ಮಾತ್ರ 1000. ಈ ಸಾರ್ಕ್ ಕೂಟದ ಎರಡನೇ ಶೃಂಗಸಭೆ 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದಾಗ ಅದರ ನಾಯಕರು ನಂದಿಬೆಟ್ಟಕ್ಕೂ ಬಂದು ಕೂತು ಮಾತಾಡಿದ್ದರು. ಹಾಗಾಗಿ ಪೋಖರಾದ ಕೌಂಟರಿನಲ್ಲಿ ಕಡಿಮೆ ದರದ ಚೀಟಿ ಕೈಗೆ ಬಂದಾಗ ಚಿಕ್ಕಬಳ್ಳಾಪುರದವರು ‘ಇದರಲ್ಲಿ ನಮ್ಮ ಬೆಟ್ಟದ ಪಾಲೂ ಇದೆ’ ಎಂದು ತುಸು ಬೀಗಿದರೆ ತಪ್ಪೇನಿಲ್ಲ.

ಹೊರದೇಶದ ಬೆಟ್ಟ ಹತ್ತುವುದು ಈ ಸೀಮೆಗೆ ತೀರಾ ಹೊಸದೂ ಅಲ್ಲ. ಮುಕ್ತಿನಾಥಕ್ಕೂ ಕೈಲಾಸ ಮಾನಸ ಸರೋವರಕ್ಕೂ ಕರ್ನಾಟಕದ ಊರೂರಿನಿಂದ ಹೋಗಿಬಂದವರಿದ್ದಾರೆ. ಅವರು ಅದನ್ನು ಚಾರಣ ಎನ್ನುವುದಿಲ್ಲ, ಯಾತ್ರೆ ಎನ್ನುತ್ತಾರೆ. ಆದರೆ ಕೈಲಾಸದ ಸುತ್ತ 52 ಕಿಲೋಮೀಟರ್ ಪರಿಕ್ರಮ ಮಾಡಿ 5600 ಮೀಟರ್ ದಾಟಿದ ಡೋಲ್ಮಾ ಕಣಿವೆಮಾರ್ಗ ಹಾಯುವ ಕಾಲಿಗೆ ಎರಡೂ ಒಂದೇ. ಚಿಂತಾಮಣಿಯವರಿಗೆ ಮನೆ ಹತ್ತಿರವೇ ಒಂದು ಕೈಲಾಸಗಿರಿ ಉಂಟು. ಬಂಡೆ ಕೊರೆದು ಮಾಡಿದ ಗುಹಾಲಯಗಳಿರುವ ಆ ಗುಡ್ಡಕ್ಕೂ ಟಿಬೆಟ್ಟಿನ ಕೈಲಾಸಕ್ಕೂ ನಡುವಿನ ಅಂತರ ಏನೆಂಬುದು ಗೊತ್ತಿಲ್ಲದೆ ಹೊರಟವರೇ ಬಹುಪಾಲು ಕಷ್ಟಕ್ಕೆ ಸಿಕ್ಕುವವರು. ನಮ್ಮ ಬೆಟ್ಟಗಳು ಪಾಠದ ಅರ್ಧವನ್ನು ಚೆನ್ನಾಗಿ ಕಲಿಸುತ್ತವೆ. ಉಳಿದರ್ಧವನ್ನು ಕಲಿಸುವ ಶಕ್ತಿ ಅವಕ್ಕಿಲ್ಲ.

ಮೊದಲು ಕಲಿಸುವ ಅರ್ಧ. ಗೌರಿಬಿದನೂರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಚಿಕ್ಕಬಳ್ಳಾಪುರ 900ಕ್ಕೆ ತುಸು ಮೇಲೆ, ನಂದಿಬೆಟ್ಟದ ನೆತ್ತಿ 1478 ಮೀಟರ್. ಸುಲ್ತಾನಪೇಟೆ ಕಡೆಯಿಂದ ನಂದಿಗೆ 1175 ಮೆಟ್ಟಿಲುಗಳ ಹಳೆಯ ದಾರಿ ಇದೆ. ಕಾರು, ಬೈಕು ಮೇಲಿನವರೆಗೂ ಹೋಗುವುದರಿಂದ ಈ ದಾರಿ ಹಿಡಿಯುವವರು ಕಡಿಮೆ. ನನಗೆ ಕೇಳಿದರೆ ಇಡೀ ಬೆಟ್ಟದಲ್ಲಿ ಬೆಲೆಯುಳ್ಳದ್ದು ಇದೇ. ಅನ್ನಪೂರ್ಣದ ಬದಿಯ ಘೋರೆಪಾನಿ ಹಾದಿಯಲ್ಲಿ ಉಲ್ಲೇರಿ ಎಂಬ ಹಳ್ಳಿಗೆ ಏರುವಾಗ ಮೂರು ಸಾವಿರಕ್ಕೂ ಮಿಕ್ಕಿ ಕಲ್ಲಿನ ಮೆಟ್ಟಿಲುಗಳು ಸಿಗುತ್ತವೆ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರನ್ನೂ ಮುಟ್ಟುತ್ತ ಮಾಂಟ್ ಬ್ಲಾಂಕ್ ಪರ್ವತವನ್ನು ಬಳಸುವ ಸುಮಾರು 170 ಕಿಲೋಮೀಟರ್ ಹಾದಿಯಲ್ಲಿ ಏರುಗಳನ್ನೆಲ್ಲ ಕೂಡಿಸಿದರೆ 10,000 ಮೀಟರ್ ಆಗುತ್ತದೆ. ನಂದಿಯನ್ನು ಬುಡದಿಂದ ಹತ್ತಿದರೆ ಸರಿಸುಮಾರು 500 ಮೀಟರ್. ಅಲ್ಲಿಗೆ ಇಪ್ಪತ್ತು ನಂದಿ. ಜನ ಅದನ್ನು ಹತ್ತು ಹನ್ನೊಂದು ದಿನಗಳಲ್ಲಿ ಮುಗಿಸುತ್ತಾರೆ, ಅಂದರೆ ದಿನಕ್ಕೆ ಎರಡು ನಂದಿ ಹತ್ತಿ ಇಳಿದಂತೆ, ಬೆನ್ನ ಮೇಲೆ ಚೀಲ ಸಮೇತ.

ಹತ್ತುವುದಕ್ಕಿಂತ ಇಳಿಯುವುದನ್ನೇ ಇಲ್ಲಿ ಹೆಚ್ಚಾಗಿ ಅಭ್ಯಾಸ ಮಾಡಬೇಕು. ಹತ್ತುವಾಗ ಎದೆ ಬಡಿದುಕೊಳ್ಳುತ್ತದೆ, ನಿಂತರೆ ಸರಿಹೋಗುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಮೈಭಾರ ತಡೆಯಬೇಕು. ಇದರಿಂದ ಅದರ ಎಳೆಗಳಿಗೆ ಸಣ್ಣ ಪೆಟ್ಟಾಗಿ, ನೋವು ಆ ಹೊತ್ತಿಗಲ್ಲ, ಮರುದಿನ ಅಥವಾ ಅದರ ಮಾರನೆಯ ದಿನ ಕಾಣಿಸಿಕೊಳ್ಳುತ್ತದೆ. ಒಮ್ಮೆ ಹೀಗೆ ನೊಂದು ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಆದ್ದರಿಂದ ಹೊರಡುವ ತಿಂಗಳಲ್ಲಿ ಮೆಟ್ಟಿಲು ಹತ್ತಿ ಹೋಗಿ ಬಸ್ಸಿನಲ್ಲಿ ಇಳಿದು ಬರುವುದು ಪ್ರಯೋಜನವಿಲ್ಲದ ಜಾಣತನ.

ಇನ್ನು ಬಂಡೆ. ನಮ್ಮದು ಸುಮಾರು 250 ಕೋಟಿ ವರ್ಷಗಳ ಹಳೆಯ ಗ್ರಾನೈಟು, ಈರುಳ್ಳಿಯ ಹಾಗೆ ಪದರ ಬಿಡುತ್ತ ದುಂಡಗಾದದ್ದು. ಒಣಗಿದ್ದಾಗ ಚಿಂತಾಮಣಿ ಬಳಿಯ ಅಂಬಾಜಿದುರ್ಗದ ಬಂಡೆ ಬೂಟಿನ ಅಡಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಮಳೆ ಬಿದ್ದು ಪಾಚಿ ಕಟ್ಟಿದರೆ ಅದೇ ಬಂಡೆ ಕಾಲು ಜಾರಿಸುತ್ತದೆ. ಅಲ್ಲದೆ ಕಲ್ಲು ದುಂಡಗಿರುವುದರಿಂದ ಎಲ್ಲಿಂದ ಇಳಿಜಾರು ಕಡಿದಾಯಿತು ಎಂಬುದು ನಿಂತವರ ಕಣ್ಣಿಗೆ ಬೀಳುವುದಿಲ್ಲ. 2022ರ ಫೆಬ್ರವರಿಯಲ್ಲಿ ನಂದಿ ಪಕ್ಕದ ಬ್ರಹ್ಮಗಿರಿಯಲ್ಲಿ ಒಬ್ಬ ವಿದ್ಯಾರ್ಥಿ ಜಾರಿ ಬಂಡೆಯ ನಡುವೆ ಸಿಕ್ಕಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರ್ ಯಲಹಂಕದಿಂದ ಬಂದು ಎತ್ತಬೇಕಾಯಿತು. ಹಿಮಾಲಯದ ಕಷ್ಟ ಬೇರೆ ತರಹದ್ದು. ಅಲ್ಲಿ ಬಂಡೆ ಅಖಂಡವಲ್ಲ, ಹಿಮನದಿ ತಂದು ಸುರಿದ ಸಡಿಲ ಕಲ್ಲಿನ ರಾಶಿ. ಕಾಲಿಟ್ಟಲ್ಲೆಲ್ಲ ಕಲ್ಲು ಉರುಳುವ ಆ ನಡಿಗೆಗೆ ಇಲ್ಲಿ ತಾಲೀಮು ಸಿಗುವುದಿಲ್ಲ.

ಚೀಲ ಹೊರುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೈತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಬೇಡ, ಭಾರ ಭುಜದ ಮೇಲಲ್ಲ ಸೊಂಟದ ಪಟ್ಟಿಯ ಮೇಲೆ ಕೂರಬೇಕು, ಅಷ್ಟೆ. ನೇಪಾಳದ ಹಮಾಲರು ಬುಟ್ಟಿಗೆ ಪಟ್ಟಿ ಕಟ್ಟಿ ಹಣೆಗೆ ಕೊಟ್ಟು ಹೊರುತ್ತಾರೆ. ಅದಕ್ಕೆ ಅವರಲ್ಲಿ ನಾಮ್ಲೋ ಎನ್ನುತ್ತಾರೆ. ತಲೆಗೆ ಸಿಂಬೆ ಇಟ್ಟು ಹುಲ್ಲಿನ ಹೊರೆ ಹೊತ್ತು ಬರುವ ನಮ್ಮ ಹೆಂಗಸರನ್ನು ನೋಡಿದವರಿಗೆ ಅದು ಅಚ್ಚರಿಯಲ್ಲ. ಫೋಟೋಗೆಂದು ನಾವು ಅದನ್ನು ಹಣೆಗೆ ಕಟ್ಟಿಕೊಳ್ಳಲು ಹೋಗದಿದ್ದರೆ ಕತ್ತಿಗೆ ಕ್ಷೇಮ.

ಊಟದ ವಿಷಯಕ್ಕೆ ಬಂದರೆ ಈ ಸೀಮೆಯವರು ಪುಣ್ಯವಂತರು. ಎತ್ತರ ಹೆಚ್ಚಿದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಚಿಕ್ಕಬಳ್ಳಾಪುರದಲ್ಲಿ ಸುಮಾರು 97 ಡಿಗ್ರಿ. 4130 ಮೀಟರಿನ ಅನ್ನಪೂರ್ಣ ಬೇಸ್ ಕ್ಯಾಂಪಿನಲ್ಲಿ 86 ಡಿಗ್ರಿಯ ಆಸುಪಾಸು. ಆ ನೀರಿನಲ್ಲಿ ಬೇಳೆಯನ್ನು ಎಷ್ಟು ಹೊತ್ತು ಕುದಿಸಿದರೂ ಅದು ಬೇಯಲು ಸತಾಯಿಸುತ್ತದೆ, ಕುಕ್ಕರ್ ಇಲ್ಲದಿದ್ದರೆ ಒಲೆಯ ಗ್ಯಾಸೇ ಮುಗಿದೀತು. ಹಾಗಾಗಿ ಬೆಟ್ಟದವರು ಎಲ್ಲ ಕಡೆಯೂ ಮೊದಲೇ ಹುರಿದಿಟ್ಟ ಹಿಟ್ಟನ್ನು ನೆಚ್ಚಿದ್ದಾರೆ. ಟಿಬೆಟ್ಟಿನಲ್ಲಿ ಹುರಿದ ಬಾರ್ಲಿಯ ತ್ಸಂಪಾ, ನಮ್ಮಲ್ಲಿ ರಾಗಿ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ ಒಂದಿಷ್ಟು ಹೊತ್ತು ಬಿಟ್ಟು, ಮರಳು ಕಾಯಿಸಿದ ಬಾಣಲೆಗೆ ಹಿಡಿಹಿಡಿಯಾಗಿ ಹಾಕಿ ಆಡಿಸಿದರೆ ಚಟಪಟನೆ ಬಿಳಿ ಅರಳು ಏಳುತ್ತದೆ. ಮರಳನ್ನು ಜರಡಿ ಹಿಡಿದು, ಅರಳನ್ನು ಬೀಸಿದರೆ ಮುಗಿಯಿತು. ಕಾಳಿನೊಳಗಿನ ನೀರು ಆವಿಯಾಗಿ ಸಿಡಿದಾಗಲೇ ಪಿಷ್ಟ ಬೆಂದಿರುತ್ತದೆ. ಬೆಲ್ಲ, ಏಲಕ್ಕಿ ಬೆರೆಸಿ ತಣ್ಣೀರಿನಲ್ಲಿ ಕಲಸಿದರೂ ಹೊಟ್ಟೆಗೆ ಹಿಡಿಸುತ್ತದೆ. 100 ಗ್ರಾಂ ರಾಗಿಯಲ್ಲಿ 320 ಕಿಲೋಕ್ಯಾಲರಿಯಷ್ಟು ಶಕ್ತಿ. ಜತೆಗೆ ಹುರಿದ ಕಡಲೆಕಾಯಿ ಬೀಜ ಇಟ್ಟುಕೊಂಡರೆ, ಬೆಂಗಳೂರಿನ ಅಂಗಡಿಗಳಲ್ಲಿ ಬಣ್ಣದ ಕಾಗದ ಸುತ್ತಿ ಮಾರುವ ‘ಎನರ್ಜಿ ಬಾರ್’ ಯಾಕೆ ಬೇಕು ಎಂಬುದು ನನಗೆ ತಿಳಿಯದು. ಒಂದೇ ತೊಂದರೆ: ಕೆಲವು ದೇಶಗಳ ವಿಮಾನ ನಿಲ್ದಾಣದಲ್ಲಿ ಹೊರಗಿನ ಕಾಳು, ಬೀಜ ತಂದದ್ದನ್ನು ಬರೆದು ತಿಳಿಸದಿದ್ದರೆ ದಂಡ ಬೀಳುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಇದರಲ್ಲಿ ಬಲು ಕಟ್ಟುನಿಟ್ಟು.

ಈಗ ಬೆಟ್ಟಗಳು ಕಲಿಸಲಾರದ ಪಾಠ. ನಂದಿಯ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 85ರಷ್ಟು. ಮೈಗೆ ಅದು ಗೊತ್ತೇ ಆಗುವುದಿಲ್ಲ. ಅನ್ನಪೂರ್ಣ ಬೇಸ್ ಕ್ಯಾಂಪಿನಲ್ಲಿ ಶೇಕಡಾ 60ರ ಸುಮಾರು. 5416 ಮೀಟರಿನ ಥೊರಾಂಗ್ ಕಣಿವೆಮಾರ್ಗದಲ್ಲಿ ಹೆಚ್ಚುಕಡಿಮೆ ಅರ್ಧ, ಅಂದರೆ ಪ್ರತಿ ಉಸಿರಿಗೂ ಅರ್ಧ ಆಮ್ಲಜನಕ. 2500 ಮೀಟರ್ ದಾಟಿದ ಮೇಲೆ ಯಾರಿಗಾದರೂ ಎತ್ತರದ ಕಾಯಿಲೆ ಬರಬಹುದು. ತಲೆನೋವು, ಊಟ ಬೇಡವೆನಿಸುವುದು, ವಾಂತಿ, ನಿದ್ದೆ ಹತ್ತದಿರುವುದು ಅದರ ಮೊದಲ ಗುರುತುಗಳು. ಚಿಕ್ಕಬಳ್ಳಾಪುರದ ಪಕ್ಕದ ಸ್ಕಂದಗಿರಿಯನ್ನು ಓಡುತ್ತಲೇ ಹತ್ತುವ ಹುಡುಗನಿಗೆ ಇದು ಬರುವುದಿಲ್ಲ ಎಂಬ ಖಾತರಿಯಿಲ್ಲ. ಓಡುವ ಬಲವಿರುವುದರಿಂದಲೇ ಅವನು ಬೇಗ ಮೇಲೆ ಹೋಗಿ ಬೇಗ ಬೀಳುತ್ತಾನೆ.

ಸೂತ್ರ ಸರಳ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಹಗಲು ಇನ್ನಷ್ಟು ಮೇಲೆ ಹೋಗಿ ಕೆಳಗೆ ಬಂದು ಮಲಗಿದರೆ ಒಳ್ಳೆಯದೇ. ಪೋಖರಾದಿಂದ ಜೀಪು ಹತ್ತಿ ಮುಕ್ತಿನಾಥಕ್ಕೆ ಹೋಗುವ ಯಾತ್ರಿಕರು ಎಡವುವುದು ಇಲ್ಲೇ: 800 ಮೀಟರಿನ ಊರಿನಿಂದ 3700 ಮೀಟರಿಗೆ ಒಂದೆರಡು ದಿನದಲ್ಲಿ ಏರಿಬಿಡುತ್ತಾರೆ. ಸುಮ್ಮನೆ ಕೂತಿರುವಾಗಲೂ ಏದುಸಿರು, ನೊರೆ ಬರುವ ಕೆಮ್ಮು, ಅಥವಾ ಮಾತು ತೊದಲಿ ನಡಿಗೆ ತೂರಾಡುವುದು ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ರಾತ್ರಿಯಾದರೂ ಇಳಿಸಬೇಕು. ನೆಲದ ಮೇಲೆ ಗೆರೆ ಎಳೆದು ಒಂದು ಹೆಜ್ಜೆಯ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆಯಲು ಹೇಳಿ. ಆಗದಿದ್ದರೆ ಮಿದುಳಿಗೆ ನೀರು ಇಳಿಯುತ್ತಿರಬಹುದು. ಡಯಾಮಾಕ್ಸ್ ಮಾತ್ರೆ ಮೈ ಹೊಂದಿಕೊಳ್ಳಲು ನೆರವಾಗುತ್ತದೆ ನಿಜ. ಆದರೆ ಅದನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಇಳಿಯುವುದಕ್ಕೆ ಅದು ಬದಲಿಯಲ್ಲ.

ಡೇರೆ ಹಾಕುವುದಕ್ಕೆ ಇಲ್ಲಿ ಜಾಗವೇ ಕಷ್ಟ. ಒಂದು ಕಾಲಕ್ಕೆ ಸ್ಕಂದಗಿರಿಯ ಮೇಲೆ ಶನಿವಾರ ರಾತ್ರಿಯೆಂದರೆ ಜಾತ್ರೆ, ಅಲ್ಲಲ್ಲಿ ಬೆಂಕಿ, ಬೆಳಿಗ್ಗೆ ಪ್ಲಾಸ್ಟಿಕ್ಕು. ಈಗ ಮೊದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಿ ಪಾಪಾಗ್ನಿ ಮಠದ ಕಡೆಯಿಂದ ಬೆಳಗಿನ ಜಾವ ಹತ್ತಬೇಕು, ಮೇಲೆ ತಂಗುವಂತಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಮುಗಿಬಿದ್ದ ಮೇಲಂತೂ ರಾಜ್ಯದ ಚಾರಣಗಳಿಗೆಲ್ಲ ಲೆಕ್ಕ ಬಿಗಿಯಾಯಿತು. ಬೇಸಿಗೆಯಲ್ಲಿ ಈ ಬೆಟ್ಟಗಳ ಒಣಹುಲ್ಲಿಗೆ ಒಂದು ಕಿಡಿ ಸಾಕು ಎನ್ನುವುದನ್ನು ಬಲ್ಲವರು ಇದಕ್ಕೆ ಗೊಣಗಲಾರರು. ನಾರ್ವೆಯಲ್ಲಿ ವಿಷಯ ತಿರುವುಮುರುವು: 1957ರ ಕಾನೂನಿನ ಪ್ರಕಾರ ಉಳುಮೆಯಿಲ್ಲದ ಬಯಲಿನಲ್ಲಿ, ಮನೆಯಿಂದ 150 ಮೀಟರ್ ದೂರ ಬಿಟ್ಟು, ಯಾರ ಅಪ್ಪಣೆಯೂ ಇಲ್ಲದೆ ಡೇರೆ ಹೂಡಬಹುದು.

ಹಾಗಾದರೆ ಅಭ್ಯಾಸ ಎಲ್ಲಿ? ಶಿಡ್ಲಘಟ್ಟದ ಹಿಪ್ಪುನೇರಳೆ ತೋಟದ ಬದುವೂ ಆದೀತು, ಮನೆಯ ತಾರಸಿಯೂ ಆದೀತು. ರಾಗಿ ಕೊಯ್ಲಿನ ಹೊತ್ತಿನ ಚಳಿಯ ರಾತ್ರಿ ಒಮ್ಮೆ ಮಲಗಿ ನೋಡಿ. ಕಿಟಕಿಯೆಲ್ಲ ಮುಚ್ಚಿ ಬೆಚ್ಚಗೆ ಮಲಗಿದೆವೆಂದುಕೊಂಡರೆ ಬೆಳಗಾಗುವುದರೊಳಗೆ ಡೇರೆಯ ಒಳಮೈ ಬೆವರಿ, ಮುಟ್ಟಿದರೆ ಹನಿ ಮುಖದ ಮೇಲೆ ಉದುರುತ್ತದೆ. ಅದು ಇಬ್ಬನಿ ಸೋರಿದ್ದಲ್ಲ, ನಿಮ್ಮದೇ ಉಸಿರಿನ ಆವಿ ತಣ್ಣನೆ ಬಟ್ಟೆಗೆ ತಾಗಿ ನೀರಾದದ್ದು. ಗಾಳಿಕಿಂಡಿಯನ್ನು ಎರಡು ಕಡೆ ತೆರೆದಿಡಬೇಕೆಂಬುದು ಇಲ್ಲೇ ತಿಳಿದರೆ ಮಂಜು ಬೀಳುವ ಊರಿನಲ್ಲಿ ಒದ್ದೆ ಮಲಗುಚೀಲದೊಳಗೆ ನಡುಗುವುದು ತಪ್ಪುತ್ತದೆ. ಪ್ರತಿ ಸಾವಿರ ಮೀಟರಿಗೆ ಆರು ಆರೂವರೆ ಡಿಗ್ರಿ ತಣಿಯುವ ಲೆಕ್ಕದಲ್ಲಿ ಅನ್ನಪೂರ್ಣ ಬೇಸ್ ಕ್ಯಾಂಪು ಚಿಕ್ಕಬಳ್ಳಾಪುರದ ಎತ್ತರಕ್ಕಿಂತ ಇಪ್ಪತ್ತು ಡಿಗ್ರಿಯಷ್ಟು ತಣ್ಣಗಿರುತ್ತದೆ. ಮೈಯ ಬಿಸಿ ಹೆಚ್ಚಾಗಿ ಹೋಗುವುದು ನೆಲಕ್ಕೆ. ದುಬಾರಿ ರಗ್ಗಿಗಿಂತ ಅಡಿಗೆ ಹಾಸುವ ಫೋಮ್ ಚಾಪೆಗೆ ಹಣ ಹಾಕುವುದು ಲೇಸು.

ಕೊನೆಗೆ ವಿಮೆ. ಬ್ರಹ್ಮಗಿರಿಗೆ ಬಂದಂಥ ಹೆಲಿಕಾಪ್ಟರ್ ನೇಪಾಳದಲ್ಲೂ ಬರುತ್ತದೆ, ಆದರೆ ಅಲ್ಲಿ ಅದು ಖಾಸಗಿ ಕಂಪನಿಯದು, ಲಕ್ಷಗಳಲ್ಲಿ ಬಿಲ್ಲಾಗುತ್ತದೆ. ದುಡ್ಡು ಯಾರು ಕಟ್ಟುತ್ತಾರೆಂದು ಖಚಿತವಾಗದೆ ಮೇಲೇಳುವುದು ಅಪರೂಪ. ಮಾಮೂಲಿ ಪ್ರವಾಸ ವಿಮೆಗಳಲ್ಲಿ ಚಾರಣ ಸೇರಿರುವುದಿಲ್ಲ, ಸೇರಿದ್ದರೂ ಇಷ್ಟು ಮೀಟರಿನವರೆಗೆ ಮಾತ್ರ ಎಂಬ ಸಾಲು ಸಣ್ಣಕ್ಷರದಲ್ಲಿ ಇರುತ್ತದೆ. ನೀವು ದಾಟಲಿರುವ ಕಣಿವೆಮಾರ್ಗದ ಎತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಆ ಸಾಲಿನ ಪಕ್ಕ ಇಟ್ಟು ನೋಡಿ ಆಮೇಲೆ ಕಂತು ಕಟ್ಟಿ.