ಎರಡು ಚಾರ್ಜರ್ ಜೋಡಿಸಿದ್ರೆ ಬ್ಯಾಟರಿ ಬೇಗ ತುಂಬುತ್ತಾ?

ಬೇವಿನೆಣ್ಣೆ ಹೊಡೀಬೇಕು, ಸ್ಪ್ರೇಯರ್ ಬ್ಯಾಟರಿ ಖಾಲಿ. ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ. ಆಗ ಕೆ.ಆರ್.ಪೇಟೆ ಕಡೆ ಹುಡುಗರು ಕೇಳೋ ಪ್ರಶ್ನೆ ಒಂದೇ: "ಅಣ್ಣ, ಮನೇಲಿ ಎರಡು ಚಾರ್ಜರ್ ಅವೆ. ಎರಡನ್ನೂ ಒಂದೇ ಬ್ಯಾಟರಿಗೆ ಕೊಟ್ರೆ ಅರ್ಧ ಹೊತ್ತಲ್ಲಿ ತುಂಬಲ್ವಾ?"

ತುಂಬಲ್ಲ. ಜೊತೆಗೆ ಬ್ಯಾಟರಿ ಬೇಗ ಹಾಳಾಗುತ್ತೆ. ಯಾಕೆ ಅಂತ ನೋಡೋಣ.

ಬ್ಯಾಟರಿಗೂ ಒಂದು ಮಿತಿ ಇದೆ

ಬೆನ್ನಿಗೆ ಹಾಕೋ ಸ್ಪ್ರೇಯರ್‌ಗಳಲ್ಲಿ ಹೆಚ್ಚಾಗಿ ಬರೋದು 12 ವೋಲ್ಟ್, 8 ಆಂಪಿಯರ್-ಅವರ್‌ನ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ. ಇಂಥ ಬ್ಯಾಟರಿಗೆ ಸಾಮಾನ್ಯವಾಗಿ ಅದರ ಸಾಮರ್ಥ್ಯದ ಶೇ 30ಕ್ಕಿಂತ ಹೆಚ್ಚು ಕರೆಂಟು ಕೊಡಬಾರದು. ಅಂದ್ರೆ 2.4 ಆಂಪಿಯರ್. 1.7 ಆಂಪಿಯರ್‌ನ ಎರಡು ಚಾರ್ಜರ್ ಸೇರಿದ್ರೆ 3.4 ಆಗುತ್ತೆ. ಬ್ಯಾಟರಿ ಬಿಸಿಯಾಗಿ, ಒಳಗಿನ ದ್ರವ ಆರಿ, ಮೈ ಊದಿಕೊಳ್ಳುತ್ತೆ. ಸೀಲ್ಡ್ ಬ್ಯಾಟರಿಗೆ ಮತ್ತೆ ನೀರು ಹಾಕೋಕಾಗಲ್ಲ.

ಹಸಿರು ದೀಪ ನಂಬಬೇಡಿ

ಹೇಮಗಿರಿ ಜಾತ್ರೇಲಿ ಜೋಡೆತ್ತು ಕೊಳ್ಳೋವಾಗ ಎರಡರ ನಡಿಗೆ ಸಮ ಇದೆಯಾ ಅಂತ ನೋಡ್ತೀವಲ್ಲ? ಚಾರ್ಜರ್ ಕಥೇನೂ ಅಷ್ಟೇ. ಒಂದರ ವೋಲ್ಟೇಜ್ 14.4, ಇನ್ನೊಂದರದ್ದು 14.7 ಇದ್ರೆ, ಶುರುವಲ್ಲಿ ಎರಡೂ ಕರೆಂಟು ಕೊಡ್ತವೆ. ಬ್ಯಾಟರಿ ತುಂಬ್ತಾ ಬಂದಾಗ 14.4ರದ್ದು ಕೈಬಿಟ್ಟು ಹಸಿರು ದೀಪ ತೋರಿಸುತ್ತೆ, ಇನ್ನೊಂದು ಒಂಟಿಯಾಗಿ ಎಳೆಯುತ್ತೆ. ಕೊನೇ ಹಂತದಲ್ಲಿ ಬ್ಯಾಟರಿಯೇ ನಿಧಾನಕ್ಕೆ ಕರೆಂಟು ತಗೊಳ್ಳೋದ್ರಿಂದ, ಎಷ್ಟು ಚಾರ್ಜರ್ ಇದ್ರೂ ಆ ಹೊತ್ತು ಉಳಿಯಲ್ಲ.

ಹಾಗಾದ್ರೆ ಏನ್ ಮಾಡೋದು?

- ಎರಡು ಚಾರ್ಜರ್ ಇದ್ರೆ ಇನ್ನೊಂದು ಬ್ಯಾಟರಿ ತಗೊಳ್ಳಿ. ಒಂದೊಂದಕ್ಕೆ ಒಂದೊಂದು ಚಾರ್ಜರ್ ಹಾಕಿ. ಅದೇ ಹೊತ್ತಲ್ಲಿ ಎರಡೂ ತುಂಬ್ತವೆ, ಹೊಲದಲ್ಲಿ ಕೆಲಸ ನಿಲ್ಲಲ್ಲ.
- ಔಷಧಿ ಹೊಡೆದ ದಿನ ಸಂಜೇನೇ ಚಾರ್ಜ್‌ಗೆ ಹಾಕಿ. ಖಾಲಿ ಬ್ಯಾಟರಿ ವಾರಗಟ್ಟಲೆ ಬಿಟ್ರೆ ಪ್ಲೇಟಿನ ಮೇಲೆ ಸಲ್ಫೇಟ್ ಕೂತು ಶಕ್ತಿ ಕಳ್ಕೊಳ್ಳುತ್ತೆ.
- ಲಿಥಿಯಂ ಬ್ಯಾಟರಿ ಆದ್ರೆ ಅದರ ಜೊತೆ ಬಂದ ಚಾರ್ಜರ್ ಮಾತ್ರ ಬಳಸಿ. ಮೂರು ಸೆಲ್‌ನ ಲಿಥಿಯಂ-ಅಯಾನ್ ಪ್ಯಾಕ್ 12.6 ವೋಲ್ಟ್‌ಗೇ ತುಂಬುತ್ತೆ. ಅದಕ್ಕೆ 14.4ರ ಚಾರ್ಜರ್ ಕೊಟ್ರೆ ಬೆಂಕಿ ಹತ್ತೋ ಅಪಾಯ ಇದೆ.
- ಪಂಪ್‌ಹೌಸಲ್ಲಿ ಹುಲ್ಲು, ಗೋಣಿಚೀಲದ ಪಕ್ಕ ಚಾರ್ಜ್ ಹಾಕಬೇಡಿ. ಗಾಳಿ ಆಡೋ ಜಾಗ ಇರಲಿ.

ದೊಡ್ಡ ಬ್ಯಾಟರಿ ಆದ್ರೆ?

ಯುಪಿಎಸ್‌ನ 150 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಗೆ ಎರಡು ಪವರ್ ಸಪ್ಲೈ ಸಮಾನಾಂತರವಾಗಿ ಜೋಡಿಸಬಹುದು, ಆದ್ರೆ ಷರತ್ತುಗಳಿವೆ. ಎರಡೂ ಒಂದೇ ಮಾಡೆಲ್ ಆಗಿರಬೇಕು, ಕರೆಂಟು ಮಿತಿ ಮಾಡೋ ವ್ಯವಸ್ಥೆ ಇರಬೇಕು. ಜೋಡಿಸೋ ಮೊದಲು ಮಲ್ಟಿಮೀಟರಲ್ಲಿ ನೋಡಿ ವೋಲ್ಟೇಜ್ ಸಮ ಮಾಡಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಒಂದು ನಿಂತ್ರೂ ಕರೆಂಟು ಅದರೊಳಕ್ಕೆ ವಾಪಸ್ ಹರೀಬಾರದು, ಅದಕ್ಕೆ ಪ್ರತಿಯೊಂದಕ್ಕೂ ಡಯೋಡ್ ಮತ್ತು ಫ್ಯೂಸ್ ಬೇಕು. ಡಯೋಡಲ್ಲಿ ಸ್ವಲ್ಪ ವೋಲ್ಟೇಜ್ ಇಳಿಯೋದ್ರಿಂದ ಅಳತೆ ಬ್ಯಾಟರಿ ತುದೀಲಿ ಮಾಡಿ. ಇದನ್ನ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಇವತ್ತು ಸ್ಪ್ರೇಯರ್ ಬಿಚ್ಚಿ ಬ್ಯಾಟರಿ ಲೇಬಲ್ ಫೋಟೋ ತೆಗೆದಿಟ್ಕೊಳ್ಳಿ. 'ಇನಿಶಿಯಲ್ ಕರೆಂಟ್' ಅಂತ ಬರೆದಿರೋದೇ ನಿಮ್ಮ ಬ್ಯಾಟರಿಯ ಮಿತಿ. ಹೊಸ ಚಾರ್ಜರ್ ತರೋವಾಗ ಅಂಗಡೀಲಿ ಅದನ್ನೇ ತೋರಿಸಿ.